ನಾಲ್ಕು ಕಾರಣ

"ಸ್ವಲ್ಪ ಗಟ್ಟಿಯಾಗಿ ಓದಿ, ಹಿಂದಿನವರಿಗೂ ಕೇಳಬೇಕು," ಎಂದು ನೌಕಾಪಡೆಯ ಲೆಫ್ಟಿನೆಂಟ್ ಮೈಕನ್ನು ಮುದುಕ ರುಜ್ಜೇರೋನ ಬಾಯಿಯ ಹತ್ತಿರ ಸರಿಸಿದ.

ತ್ರಾನಿ ಬಂದರಿನ ಕಟ್ಟೆಯ ತುಂಬ ಜನ. ಊರಿನ ಹಳೆಯ ಕಡಲ ಕಟ್ಟಳೆಗಳಿಗೆ ಒಂಬೈನೂರ ಅರವತ್ತು ವರ್ಷ ತುಂಬಿತ್ತು. ಅದಕ್ಕೆಂದೇ ಬಂದ ಯುದ್ಧನೌಕೆ ಆಚೆ ಲಂಗರು ಹಾಕಿ ನಿಂತಿತ್ತು. ಕಟ್ಟಳೆಯೊಂದನ್ನು ಹಿರಿಯ ಮೀನುಗಾರನೇ ಓದಲಿ ಎಂದು ಪುರಸಭೆಯವರು ರುಜ್ಜೇರೋನನ್ನು ಕರೆಸಿದ್ದರು. ಯಾವ ಕಟ್ಟಳೆ ಎಂದು ಅವನಿಗೆ ತಿಳಿದದ್ದು ಕಾಗದ ಕೈಗೆ ಬಂದಾಗಲೇ.

ಹಡಗಿನ ಯಜಮಾನ ನಾಲ್ಕು ಕಾರಣಕ್ಕಲ್ಲದೆ ತನ್ನ ನಾವಿಕನನ್ನು ಕೈಬಿಡತಕ್ಕದ್ದಲ್ಲ ಎಂದು ಓದಿದ. ದೇವನಿಂದೆ, ಜಗಳಗಂಟತನ, ಕಳ್ಳತನ, ಹೆಣ್ಣುಬಾಕತನ.

"ಹಂಗಾದ್ರೆ ಈ ಊರಲ್ಲಿ ಒಂದು ದೋಣಿನೂ ಹೊರಡಲ್ಲ ಬಿಡಿ," ಎಂದು ಯಾರೋ ಅಂದರು. ಜನ ನಕ್ಕರು.

ಮುಂದಿನ ಸಾಲಿನಲ್ಲಿದ್ದ ದೊನಾತಾ ನಗಲಿಲ್ಲ. ಅವಳ ಗಂಡ ಸವೀನೋ ರುಜ್ಜೇರೋನ ದೋಣಿಯಲ್ಲಿ ದುಡಿಯುತ್ತಿದ್ದವನು. ಹನ್ನೊಂದು ವರ್ಷದ ಹಿಂದೆ, ಫೆಬ್ರವರಿಯ ಬಿರುಗಾಳಿಯಲ್ಲಿ, ಬಲೆ ಅವನನ್ನು ನೀರಿಗೆ ಎಳೆದುಕೊಂಡಿತ್ತು. ಬಿದ್ದವನು ಬಿದ್ದ ಕೂಡಲೇ ಮುಳುಗಿದ ಎಂದು ರುಜ್ಜೇರೋ ವಿಚಾರಣೆಯಲ್ಲಿ ಹೇಳಿದ್ದ. ದೋಣಿಯಲ್ಲಿ ಇದ್ದದ್ದು ಅವರಿಬ್ಬರೇ. ದೇಹ ಸಿಗಲಿಲ್ಲ.

ಓದು ಮುಗಿದ ಮೇಲೆ, ಕಡಲಲ್ಲಿ ತೀರಿಕೊಂಡವರ ಹೆಸರಿನಲ್ಲಿ ಪುಷ್ಪಚಕ್ರ ಬಿಡಲು ನೌಕಾಪಡೆಯ ಸಣ್ಣ ಬೋಟು ಹೊರಟಿತು. ಚಕ್ರ ಹಿಡಿದು ದೊನಾತಾ ಕುಳಿತಳು; ಪಕ್ಕದಲ್ಲಿ ರುಜ್ಜೇರೋನನ್ನು ಕೂರಿಸಿದರು. ಲೆಫ್ಟಿನೆಂಟ್ ಮುಂಭಾಗದಲ್ಲಿ ಬೆನ್ನು ಮಾಡಿ ನಿಂತಿದ್ದ.

ಬಂದರಿನ ಬಾಯಿ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ರುಜ್ಜೇರೋ ಅಣ್ಣ, ನೀವು ಓದಿದ್ರಲ್ಲ, ಆ ನಾಲ್ಕರಲ್ಲಿ ನಮ್ಮನೆಯವ್ರದ್ದು ಯಾವ್ದು?"

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಹನ್ನೊಂದು ವರ್ಷ ಪಾದ್ರಿಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಯಾವ್ದೂ ಅಲ್ಲ ತಾಯಿ."

"ಅವ್ರು ಕೂಗಿದ್ರಾ?"

"ಕೂಗ್ದ."

"ಏನಂತ?"

"ನನ್ನ ಹೆಸ್ರು. ಒಂದು ಸುತ್ತು ಹಾಕ್ದೆ. ಇನ್ನೊಂದು ಹಾಕಿದ್ರೆ ದೋಣಿ ಮಗುಚೋದು ಅಂತ..." ಮಗುಚುತ್ತಿತ್ತೋ ಇಲ್ಲವೋ, ಅದು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ದಡದ ಕಡೆ ತಿರುಗಿಸಿದ ಮೇಲೂ ಕೂಗು ಬಹಳ ಹೊತ್ತು ಕೇಳಿತ್ತು.

ದೊನಾತಾ ಅಳಲಿಲ್ಲ. ಎಂಜಿನ್ ನಿಂತಿತು. ಲೆಫ್ಟಿನೆಂಟ್ ತಿರುಗಿ, ಇನ್ನು ಬಿಡಬಹುದಮ್ಮ ಎಂದ. ಅವಳು ಚಕ್ರವನ್ನೆತ್ತಿ ರುಜ್ಜೇರೋನ ತೊಡೆಯ ಮೇಲಿಟ್ಟಳು.

"ನೀನೇ ಹಾಕು. ಎಲ್ಲಿ ಬಿಟ್ಟು ಬಂದೆ ಅಂತ ನಿನಗೇ ತಾನೆ ಗೊತ್ತಿರೋದು."

ಆ ಜಾಗ ಅಲ್ಲಿಂದ ಒಂಬತ್ತು ಮೈಲಿ ದೂರ. ಅವನ ಕೈ ಮೇಲೇಳಲಿಲ್ಲ. ಯುದ್ಧನೌಕೆಯಲ್ಲಿ ಆಗಲೇ ವಂದನೆಯ ಸೀಟಿ ಊದಿದ್ದರು. ಅದರ ಅಂಚಿನ ಕಟಕಟೆಯ ಉದ್ದಕ್ಕೂ ಸಾಲಾಗಿ ನಿಂತ ನಾವಿಕರು, ಏನೂ ತೇಲದ ನೀರಿಗೆ, ಕೈಯೆತ್ತಿ ವಂದನೆ ಸಲ್ಲಿಸುತ್ತಿದ್ದರು.