ಸಗಣಿ ಮೆತ್ತಿದ ಬಾಗಿಲು

ತೊಡೆಯ ಮೇಲೆ ಜೇನುಪೆಟ್ಟಿಗೆ ಗುಂಯ್‌ಗುಡುತ್ತಿದೆ, ಸೀರೆ ದಾಟಿ ಮೂಳೆಗೇ ತಾಕುತ್ತದೆ, ಗಾಡಿ ಕಲ್ಲು ಹತ್ತಿದಾಗ ಜೋರಾಗಿ, ಇಳಿದಾಗ ಸಣ್ಣಗೆ — ಇರಿ, ರಾಮನಾಥಪುರ ಇನ್ನೇನು ಬಂತು, ನನ್ನ ತವರಿಗೇ ಕರೆದೊಯ್ಯುತ್ತಿರುವುದು, ಗೌರೀಶಂಕರಣ್ಣನ ಹಿತ್ತಲು, ಹೊಳೆಯ ತಂಪು, ಹೊಂಗೆ ಹೂವು, ನಾದಿನಿ ಪ್ರೇಮಕುಮಾರಿಯ ಮದುವೆ ಮುಗಿದು ಚಪ್ಪರ ಬಿಚ್ಚುವವರೆಗೆ ಅಲ್ಲಿರಿ, ನಿಮ್ಮ ಬಾಗಿಲ ಮುಂದೆಯೇ ಅಡಿಗೆಯವರು ಒಲೆ ತೋಡಬೇಕಂತೆ. ಹತ್ತು ಮಾರು ಆಚೆಗಿಟ್ರೆ ಸಾಕು ಕಣೆ ಎಂದರು ನಮ್ಮ ಮನೆಯವರು, ಆಚೆಗಿಟ್ಟರೆ ಮೇಯಲು ಹೋದವು ಹಳೆಯ ಜಾಗಕ್ಕೇ ಬಂದು ಪೆಟ್ಟಿಗೆಯಿದ್ದ ಬರೀ ಕಲ್ಲು ಸುತ್ತಿ ಸಾಯುತ್ತವೆ, ದಾರಿ ಗುರುತೇ ಸಿಗದಷ್ಟು ದೂರ ಒಯ್ಯಬೇಕು ಅಂದೆ, ನಿನ್ ಜೇನೂ ನಿನ್ನಂಗೇ ಬುಡು, ಯೋಳಿದ್ದು ಕೇಳಾಕಿಲ್ಲ ಎಂದು ನಕ್ಕರು. ಮದುವೆಯಾಗಿ ಬಂದ ವರ್ಷವೇ ಇವೂ ಬಂದವು, ಅಟ್ಟದ ಒಡಕು ಗುಡಾಣಕ್ಕೆ, ಹೊಗೆ ಹಾಕಿ ಓಡಿಸೋಣ ಎಂದವರೇ ಎಲ್ಲ, ಅತ್ತೆ ಗುರುಸಿದ್ದಮ್ಮ ಮಾತ್ರ, ತಾವಾಗೇ ಬಂದವ್ರನ್ನ ಓಡಿಸ್ಬಾರ್ದು, ಇರ್ಲಿ ಎಂದರು, ಆಮೇಲೆ ಪೆಟ್ಟಿಗೆಗೆ ಇಳಿಸಿಕೊಂಡೆ — ಆ ಮನೆಯ ಪಾತ್ರೆ ಅವರದು, ಹಸು ಅವರದು, ಇವು ನನ್ನವು. ಮಧ್ಯಾಹ್ನ ಅಕ್ಕಿ ಆರಿಸುತ್ತ ಪೆಟ್ಟಿಗೆಯ ಬಾಗಿಲನ್ನೇ ನೋಡುತ್ತೇನೆ, ನಾಲ್ಕಾರು ಹುಳ ಹಾರದೆ, ಕಾಲೂರಿ, ಸುಮ್ಮನೆ ರೆಕ್ಕೆ ಬೀಸುತ್ತಿರುತ್ತವೆ, ಒಳಗಿರುವ ರಾಣಿಗೆ ಚಾಮರ ಎಂದು ನಾನು, ಕ್ಯಾಮೆ ಇಲ್ದವು ಎಂದು ಇವರು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದಾಗಿನಿಂದ ಓಡುವ ಆ ಇದ್ದಿಲ ಬಸ್ಸಿನ ಹೊಗೆ ಬೇಡವೆಂದು ತಿಮ್ಮಪ್ಪನ ಗಾಡಿ ಹೇಳಿಸಿದೆ, ಇನ್ನೂ ಬೆಳಕಾಗುವ ಮೊದಲು, ಎಲ್ಲ ಒಳಗಿರುವಾಗ, ಇವರೇ ಕೂತು ಬಾಗಿಲಿಗೆ ಸಗಣಿ ಮೆತ್ತಿದರು, ರಾಗಿ ಕಣಜದ ಬಾಯಿಗೆ ಮೆತ್ತುವ ಹಾಗೆಯೇ, ಸಂದುಸಂದಿಗೂ ಬೆರಳಾಡಿಸಿ, ಇರುವೇನೂ ನುಗ್ಗಾಕಿಲ್ಲ ನೋಡು ಎಂದರು. ಎಷ್ಟು ಅಚ್ಚುಕಟ್ಟು ಎಂದು ನನಗೂ ಹೆಮ್ಮೆಯಾಯಿತು.

ಬಿಸಿಲು ನೆತ್ತಿಗೆ ಬಂದಿದೆ, ಇವು ಸುಮ್ಮನಾಗಿವೆ, ಮಲಗಿದವೇನೋ, ಜಾಣೆಯರು, ನನಗೂ ಕಣ್ಣು ಎಳೆಯುತ್ತಿದೆ, ಅಣ್ಣ ಏನಂದಾನು, ತವರಿಗೆ ಬರೋವಾಗ ಜೇನು ತತ್ತಾರೆ, ನೀನು ಗೂಡನ್ನೇ ತಂದ್ಯಲ್ಲೇ ಅಂದಾನು — ತೊಡೆ ಬೆಚ್ಚಗೆ, ಒದ್ದೆ, ಅಂಟು, ಇದೇನು, ಮೇಣದ ವಾಸನೆ, ಜೇನುತುಪ್ಪ ಸೋರುತ್ತಿದೆ, ಹುಟ್ಟೇ ಕರಗುತ್ತಿದೆ, ಇದು ನಿದ್ದೆಯಲ್ಲ — ಶಿವನೇ, ಇವರು ರಾಗಿ ಕಣಜ ಅಂದುಕೊಂಡರು, ರಾಗಿ ಉಸಿರಾಡುತ್ತದೆಯೇ. ತಿಮ್ಮಪ್ಪಾ ನಿಲ್ಲಿಸು, ಅವ್ವಾ ಬಾಗ್ಲು ತೆಗೀಬ್ಯಾಡಿ ಕಣ್ರವ್ವಾ, ಒಂದ್ ಕಚ್ಚಿದ್ರೆ ಎತ್ತು ಗಾಡಿ ಸಮೇತ ಪಕ್ಕದ್ ಒಳೆಗ್ ಬೀಳ್ತವೆ ಅನ್ನುತ್ತಾನೆ, ಹಾಗಾದರೆ ಎತ್ತು ಬಿಚ್ಚಿ ದೂರ ಕಟ್ಟು, ಪೆಟ್ಟಿಗೆ ಹೊಂಗೆಯ ನೆರಳಿಗೆ, ಕುಡಿಯುವ ನೀರೆಲ್ಲ ನನ್ನ ಹೊದಿಕೆಗೆ, ಹೊದಿಕೆ ಪೆಟ್ಟಿಗೆಗೆ, ತುರುಬಿನ ಪಿನ್ನು ಎಲ್ಲಿ, ಸಿಕ್ಕಿತು, ಸಗಣಿ ಒಣಗಿ ಕಲ್ಲಾಗಿದೆ, ಚುಚ್ಚು, ತಿರುವು, ಇವರ ಬೆರಳಚ್ಚಿನ ಮೇಲೆಯೇ ಚುಚ್ಚುತ್ತಿದ್ದೇನೆ, ಸಿಟ್ಟು ಬರುತ್ತಿದೆ, ಅಕ್ಕರೆಯೂ, ಎಷ್ಟು ಜತನದಿಂದ ಕೊಲ್ಲಲು ಹೊರಟರು — ತೂತಾಯಿತು. ಏನೂ ಇಲ್ಲ. ಕತ್ತಲೆ. ಬನ್ನಿ, ಒಂದಾದರೂ ಬನ್ನಿ, ಇವರಿಗೆ ಏನೂ ಅನ್ನುವುದಿಲ್ಲ, ಬನ್ನಿ — ಎರಡು ಮೀಸೆ, ಆಮೇಲೆ ಒಂದು ಪುಟ್ಟ ತಲೆ, ಅಂಚಿಗೆ ಬಂತು, ಹಾರಲಿಲ್ಲ, ನನ್ನನ್ನು ಕಚ್ಚಲೂ ಇಲ್ಲ, ತಿರುಗಿ ನಿಂತಿತು, ಕಾಲೂರಿತು, ರೆಕ್ಕೆ ಬೀಸತೊಡಗಿತು, ನನ್ನ ಬೆರಳ ತುದಿಗೆ ಬಿಸಿ ಗಾಳಿ, ಒಳಗಿನ ಸೆಕೆಯನ್ನೆಲ್ಲ ಹೊರಗೆ ದಬ್ಬುತ್ತಿದೆ, ಇಷ್ಟು ವರ್ಷ ಚಾಮರ ಅಂದುಕೊಂಡಿದ್ದೆನಲ್ಲ, ಒಳಗೆ ಮೆಲ್ಲಗೆ ಗುಂಯ್ ಎದ್ದಿತು, ಕಾಳಿನಷ್ಟು ತೂತು, ಅದರ ತುಂಬ ರೆಕ್ಕೆ, ಬೀಸುವ ರೆಕ್ಕೆ —