ಪ್ರಭುಲಿಂಗಪ್ಪನ ಬಚ್ಚಲದ ಹೀಟರ್

ಕುಮಾರಪಟ್ಟಣದ ಫ್ಯಾಕ್ಟರಿಯೊಳಗ ಕೆಲಸಕ್ಕಿದ್ದ ಹೆಂಡತಿಯ ತಮ್ಮ, ಸುರಕ್ಷತಾ ಸಪ್ತಾಹದಾಗ ಹಂಚಿದ ಒಂದು ಸಣ್ಣ ಪುಸ್ತಕ ತಂದುಕೊಟ್ಟದ್ದೇ ತಡ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ ತನ್ನ ಮನಿಗೆ ತಾನ ಸೇಫ್ಟಿ ಸಾಹೇಬ ಆಗಿಬಿಟ್ಟ. ಒರಳಿನ ಹಿಂದ ‘ಬೆರಳು ಜೋಕೆ’, ಅಟ್ಟದ ಏಣಿಗೆ ‘ಒಬ್ಬೊಬ್ಬರೇ ಹತ್ತಿರಿ’, ಈಳಿಗಿಮಣಿ ಇಡೋ ಮೂಲಿಗೆ ‘ಅಪಾಯ’ ಅಂತ ಕೆಂಪು ಬಣ್ಣದಾಗ ಬರೆಸಿದ. ಇಷ್ಟೆಲ್ಲಾ ಓದಬೇಕಾದಾಕಿ ಯಾರು? ಹೆಂಡತಿ ನೀಲಗಂಗವ್ವ. ಆಕಿ ಸಾಲಿ ಕಟ್ಟಿ ಹತ್ತಿದಾಕೀನ ಅಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಪುಣ್ಯಾತ್ಮಗ ಅದು ನೆನಪಿಗೇ ಬರಲಿಲ್ಲ.

ಆಮ್ಯಾಲೆ ಅವನ ಕಣ್ಣು ಬಚ್ಚಲದ ಒಲಿ ಮ್ಯಾಲೆ ಬಿತ್ತು. ಮನಿಯೊಳಗ ಉರಿ ಇರಬಾರದು ಅಂತ ಪುಸ್ತಕದಾಗ ಐತಂತ. ಒಲಿ ಒಡೆಸಿ ಸಿಮೆಂಟ್ ಬಡಿಸಿ, ರಾಣೇಬೆನ್ನೂರಿಗೆ ಹೋಗಿ ಕರೆಂಟಿನ ಹೀಟರ್ ತಂದು, ಅದರ ಸುರುಳಿಯನ್ನ ತಾಮ್ರದ ಹಂಡೇದಾಗ ಇಳಿಬಿಟ್ಟ. ಓಣಿಯೊಳಗ ಆಗ ಯಾರ ಮನಿಯಾಗೂ ಹೀಟರ್ ಇರಲಿಲ್ಲ. ನೋಡಾಕ ಬಂದವರಿಗೆಲ್ಲಾ ಚಹಾ ಮಾಡಿ ನೀಲಗಂಗವ್ವನ ಸೊಂಟ ಬಿದ್ದುಹೋತು.

ಹಂಡೇಕ ಕೈ ಹಚ್ಚಿದ ಮೊದಲನೇ ದಿನಾನ ಆಕಿಗೆ ಮೊಣಕೈತನಕ ಜುಮ್ ಅಂತು.

“ರೀ, ಹಂಡೇದಾಗ ಕರೆಂಟ್ ಬರಾಕತ್ತೈತಿ. ವೈರ್‌ಮನ್ ಮಲ್ಲಿಕಸಾಬನ್ನ ಕರಸ್ರಿ, ಒಮ್ಮೆ ನೋಡ್ಲಿ.”

ತಾನ ಜೋಡಿಸಿದ್ದರಾಗ ಮಲ್ಲಿಕಸಾಬ ಬಂದು ತಪ್ಪು ಹಿಡಿಯೋದಂದ್ರೇನು! ಪ್ರಭುಲಿಂಗಪ್ಪ ಖುದ್ದು ಬಚ್ಚಲಕ್ಕ ಬಂದ. ಕಾಲಾಗ ರಬ್ಬರ್ ಚಪ್ಪಲಿ. ಬಚ್ಚಲದಾಗ ಬರಿಗಾಲೀಲೆ ಓಡಾಡಬಾರದು ಅನ್ನೋ ಪುಸ್ತಕದ ಮಾತನ್ನ ಅಂವ ಒಂದಿನಾನೂ ಮೀರಿದಾಂವಲ್ಲ. ಮನಿಗೆ ಚಪ್ಪಲಿ ಬಂದದ್ದು ಒಂದ ಜೋಡು, ಅದೂ ಅವನ ಅಳತೀದು. ಎರಡೂ ಅಂಗೈಲೆ ಹಂಡೇಕ ಬಡದು, “ನೋಡು, ನನಗೇನಾತು? ನಿನಗ ವಯಸ್ಸಾತು, ನರ ಸಡ್ಲಾಗ್ಯಾವ” ಅಂದು ಹೊಂಟುಹೋದ. ಅವನ ಜಳಕದ ನೀರನ್ನ ಬಕೀಟಿಗೆ ತೋಡಿಕೊಡಾಕಿ ಆಕೀನ. ಹಂಡೇದಾಗ ತಂಬಿಗಿ ಅದ್ದಿ ಗೊತ್ತಿದ್ದಾಂವಲ್ಲ ಅಂವ. ನೀರು ಆರಬಾರದು, ಜಳಕ ಮುಗಿಯೋತನಕ ಯಾರೂ ಸ್ವಿಚ್ ಮುಟ್ಟಬಾರದು ಅಂತ ಅವನ ಕಟ್ಟಪ್ಪಣಿ ಬ್ಯಾರೆ.

ಒಂದು ತಿಂಗಳು ಆಕಿ ಕೈಗೆ ಸೆರಗು ಸುತ್ತಿಕೊಂಡು, ಉಸಿರು ಹಿಡಿದು ನೀರು ತೋಡಿದ್ಲು. ತನ್ನ ಹಣೇಬರಾ ಅಂತ ಸುಮ್ಮನಿದ್ಲು. ಆದ್ರ ಮಗಳು ಪ್ರೇಮವ್ವ ಬಾಣಂತನಕ್ಕ ಬಂದು ಹೆಣ್ಣುಕೂಸು ಹಡೆದ ಮ್ಯಾಲೆ ನೀಲಗಂಗವ್ವಗ ಅನ್ನ ಇಳೀಲಿಲ್ಲ. ಹಸಿ ಬಾಣಂತಿ ಆ ಹಂಡೇದ ಮಗ್ಗಲಾಗ ಒದ್ದೀ ಕಲ್ಲಿನ ಮ್ಯಾಲೆ ಕುಂದ್ರಬೇಕು. ಅಂಗೈಯಗಲದ ಕೂಸಿಗೂ ಅದ ನೀರು. ಜಳಕದ ದಿನ ಮುಂಜಾನೆ ಮತ್ತೊಮ್ಮೆ ಗಂಡನ್ನ ಕೇಳಿಕೊಂಡ್ಲು.

“ಬಾಣಂತಿ ಮುಂದ ಅಪಶಕುನ ನುಡೀಬ್ಯಾಡ” ಅಂತ ಗದರಿಸಿದ.

ಬಾಣಂತಿಯರಿಗೆ ನೀರು ಹಾಕೋ ಗುಲಾಬಬಿ ಬಂದ್ಲು. ನಲವತ್ತು ವರ್ಷ ಓಣಿ ಕೂಸುಗಳನ್ನೆಲ್ಲಾ ಕಾಲಮ್ಯಾಲೆ ಹಾಕ್ಕೊಂಡು ಎರೆದಾಕಿ. ಕೂಸನ್ನ ಎತ್ತಿಕೊಂಡು ಪ್ರೇಮವ್ವ ಬಚ್ಚಲದ ಹೊಸ್ತಿಲಿಗೆ ಬಂದಿದ್ದಳಷ್ಟ. ಬಿಸಿ ನೋಡಾಕಂತ ಗುಲಾಬಬಿ ತಂಬಿಗಿ ಅದ್ದಿದ್ಲು.

“ಯಾ ಅಲ್ಲಾ!”

ತಂಬಿಗಿ ಕಲ್ಲಿಗೆ ಬಿದ್ದು ಉರುಳಿತು. ನೀಲಗಂಗವ್ವ ಮಗಳಿಗೆ ಅಡ್ಡ ನಿಂತ್ಲು. ಗುಲಾಬಬಿ ಭುಜ ತಿಕ್ಕೋತ, “ಕೂಸನ್ನ ಒಳಗ ತರಬ್ಯಾಡ್ರಿ ಅಕ್ಕಾರ, ಹಂಡೇ ಒದೀತೈತಿ” ಅಂದ್ಲು.

ಚಪ್ಪಲಿ ಬಡಕೋತ ಪ್ರಭುಲಿಂಗಪ್ಪ ಬಂದ. “ಶುರು ಆತ ನಿಮ್ಮ ನಾಟಕ? ಒಬ್ಬಾಕಿ ಚೀರಿದ್ರ ಇನ್ನೊಬ್ಬಾಕಿನೂ ಚೀರಬೇಕು. ಸರೀರಿ, ಮುಟ್ಟಿ ತೋರಸ್ತೇನಿ.”

ಗುಲಾಬಬಿ ಅವನ ಕಾಲು ನೋಡಿದ್ಲು. “ಸಾವ್ಕಾರ್ರ, ಚಪ್ಪಲಿ ಬಿಟ್ಟು ಮುಟ್ರಿ. ನಾವು ಬರಿಗಾಲೀಲೆ ಅದೇವಿ.”

ಅವನ ಕೈ ಅಲ್ಲೇ ನಿಂತಿತು. ಒಂದು ಹೆಜ್ಜಿ ಹಿಂದ ಸರದ.

“ಏ, ನಿನಗೇನು ತಿಳೀತೈತಿ? ಒದ್ದೀ ನೆಲದಾಗ ಬರಿಗಾಲೀಲೆ ಮುಟ್ಟಿದ್ರ ಜೀವಾನ ಹೋಗಬಹುದು! ಪುಸ್ತಕದಾಗ ಚಿತ್ರ ಹಾಕಿ ತೋರಿಸ್ಯಾರ.”

ಮಾತು ಬಾಯಿಂದ ಹೊರಗ ಬಿದ್ದ ಮ್ಯಾಲೆ ಅವಗೂ ಕೇಳಿಸಿತು. ನೀಲಗಂಗವ್ವ ಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿದ್ಲು. ಗಂಡನ ಕಡೆ ತಿರುಗಿದ್ಲು.

“ಜೀವ ಹೋಗ್ತೈತಂತ ನಿಮಗ ಗೊತ್ತಿತ್ತು. ನಾ ಬರಿಗಾಲೀಲೆ ಇರ್ತೇನಿ ಅನ್ನೋದೂ ಗೊತ್ತಿತ್ತು. ಮತ್ತ ಒಂದು ತಿಂಗಳು ನನ್ನ ಕೈಲೆ ಯಾಕ ಮುಟ್ಟಿಸಿದ್ರಿ?”

ಪ್ರಭುಲಿಂಗಪ್ಪ ಹೆಂಡತಿ ಮಾರಿ ಬಿಟ್ಟು ಮಗಳ ಕಡೆ ನೋಡಿದ.

“ಹೇಳಪ್ಪಾ” ಅಂದ್ಲು ಪ್ರೇಮವ್ವ, ಕೂಸನ್ನ ಎದಿಗೆ ಅವಚಿಕೊಂಡು.