ನಜ್ಲಾಳಿಗೆ ಇಪ್ಪತ್ತು ವರ್ಷ

ಆಲಿವ್ ಕೊಯ್ಲು ಶುರುವಾದರೆ ಸ್ಫಾಕ್ಸ್ ಕಡೆಯ ನಮ್ಮೂರಲ್ಲಿ ಮನೆಯಲ್ಲಿ ಕೂರುವವರೇ ಇಲ್ಲ. ಶಾದ್ಲಿ ಮತ್ತು ಅವನ ಮಗಳು ನಜ್ಲಾ ಬೆರಳುಗಳಿಗೆ ಮೇಕೆಯ ಟೊಳ್ಳು ಕೊಂಬಿನ ತುದಿ ತೊಟ್ಟು ಏಣಿ ಹತ್ತುತ್ತಿದ್ದರು. ಆ ಕೊಂಬುಗಳಿಂದ ಟೊಂಗೆ ಬಾಚಿ ಕಾಯಿ ಉದುರಿಸುವುದರಲ್ಲಿ ನಜ್ಲಾ ಎತ್ತಿದ ಕೈ. ಆದರೂ ಅವಳಿಗೆ ಸಿಗುತ್ತಿದ್ದದ್ದು ಚಿಕ್ಕವರ ಕೂಲಿ, ದೊಡ್ಡವರಿಗಿಂತ ಕಡಿಮೆ. ಈ ಕೊಯ್ಲಿನ ದುಡ್ಡಲ್ಲಿ ಹೊಲಿಗೆ ಯಂತ್ರ ಕೊಳ್ಳಬೇಕೆಂದು ಅವಳ ಆಸೆ. ಆ ಕೂಲಿಯಲ್ಲಿ ಅದು ಆಗುವ ಮಾತಲ್ಲ.

ಮಧ್ಯಾಹ್ನ ರೊಟ್ಟಿಯನ್ನು ಎಣ್ಣೆಗೆ ಅದ್ದುತ್ತಾ ಪಕ್ಕದ ಮನೆಯ ಸಾಲ್ಹಾ ಕೇಳಿದಳು. ಅವಳು ಕೂಲಿಕಾರರ ಸಂಘದವಳು.

“ಶಾದ್ಲಿ ಅಣ್ಣ, ನಿನ್ನ ಮಗಳು ನನ್ನ ಮಗನ ವಾರಗೆಯವಳಲ್ವಾ? ಅವನಿಗೆ ಇಪ್ಪತ್ತಾಯ್ತು. ಇವಳಿಗೆ ಯಾಕೆ ಚಿಕ್ಕವರ ಕೂಲಿ?”

ಶಾದ್ಲಿ ತಲೆ ಕೆರೆದುಕೊಂಡ. “ನಾನೇ ಮೇಸ್ತ್ರಿಗೆ ಹದಿನೇಳು ಅಂದಿದ್ದೆ. ಇಪ್ಪತ್ತು ಅಂದ್ರೆ ಇನ್ನೂ ಮದುವೆ ಮಾಡಿಲ್ವಾ ಅಂತ ಏಣಿಗೊಬ್ಬರು ಕೇಳ್ತಾರೆ.”

“ಜನರ ಬಾಯಿಗೆ ಹೆದರಿ ಮಗಳ ಕೂಲಿ ಬಿಟ್ಟುಕೊಟ್ಯಾ? ಕಡಿಮೆ ಕೂಲಿ ಹದಿನೆಂಟು ತುಂಬದವರಿಗೆ ಮಾತ್ರ. ಅವರಿಗೂ ಇಂತಿಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತ ಕಾನೂನಿದೆ.”

“ಕೇಳಿದ್ರೆ ಮೇಸ್ತ್ರಿ ನಾಳೆಯಿಂದ ಬರಬೇಡಿ ಅಂದ್ರೆ?”

“ಸಂಘದವರೆಲ್ಲ ಜೊತೆಗೆ ಕೇಳ್ತೀವಿ. ಎಲ್ಲರನ್ನೂ ಕಳಿಸಿ ಕಾಯಿ ಅವನೇ ಬಾಚ್ತಾನಾ?”

ನಜ್ಲಾ ಮರದಡಿಯ ಹಾಸಿನ ಮೇಲಿದ್ದ ಕಾಯಿಯ ರಾಶಿ ತೋರಿಸಿದಳು. “ಅಪ್ಪಾ, ಇದರಲ್ಲಿ ನನ್ನ ಕಾಯಿ ಯಾವುದು, ನಿನ್ನದು ಯಾವುದು, ಹೇಳು ನೋಡೋಣ.”

ಶಾದ್ಲಿ ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿ ನೋಡಿದ, ಎಲ್ಲ ಒಂದೇ ಥರ. ಅವನಿಗೆ ನಾಚಿಕೆಯಾಯಿತು.

ಮರುದಿನ ಕೂಲಿ ಕೊಡುವ ಹೊತ್ತಿಗೆ ಮಗಳ ಗುರುತಿನ ಚೀಟಿ ಹಿಡಿದು ಎಲ್ಲರೆದುರು ನಿಂತ.

“ಮೇಸ್ತ್ರಿ, ನಾನು ಹೇಳಿದ್ದು ಸುಳ್ಳು. ನನ್ನ ಮಗಳಿಗೆ ಇಪ್ಪತ್ತು ವರ್ಷ. ಈ ತೋಟದಲ್ಲಿ ಅವಳಷ್ಟು ಬಾಚೋರು ಇದ್ರೆ ತೋರಿಸು.”

ಮೇಸ್ತ್ರಿ ಚೀಟಿ ನೋಡಿದ. ಹಿಂದೆ ನಿಂತಿದ್ದ ಸಾಲ್ಹಾಳನ್ನೂ ಸಂಘದವರನ್ನೂ ನೋಡಿದ. “ಮೊದಲೇ ಹೇಳಬಾರದಿತ್ತಾ” ಎಂದು ಗೊಣಗುತ್ತಾ ಪೂರ್ತಿ ಕೂಲಿ ಕೊಟ್ಟ.

“ಇಪ್ಪತ್ತಾದ್ರೂ ಮದುವೆ ಇಲ್ವಾ?” ಎಂದು ಹಿಂದಿನಿಂದ ಯಾರೋ ಕೇಳಿಯೇಬಿಟ್ಟರು.

“ಮೊದಲು ಹೊಲಿಗೆ ಯಂತ್ರ ಬರುತ್ತೆ. ಅಳಿಯ ಆಮೇಲೆ” ಎಂದ ಶಾದ್ಲಿ. ಅಷ್ಟು ಎದೆಯುಬ್ಬಿಸಿ ಅವನು ಮಾತಾಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೊಯ್ಲಿಗೆ ಹೊರಡುವಾಗ ಮಕ್ಕಳ ಗುರುತಿನ ಚೀಟಿ ಜೊತೆಗಿರಲಿ. ಏಣಿ ಹತ್ತುವ ಮೊದಲೇ ಕೂಲಿ ಎಷ್ಟೆಂದು ಎಲ್ಲರೆದುರು ಕೇಳಿ. ನಿಮ್ಮ ಮಗಳ ವಯಸ್ಸನ್ನು ತಲೆಯೆತ್ತಿ ಹೇಳಿ.